ಮೊಲಕ್ಕೆ ಕೇಳದೆ ಹೋದ ಹೆಸರು

ಇರುವೆಯಿಂದ ಆನೆಯವರೆಗೆ ಎಲ್ಲರನ್ನೂ ಕಾಯುವ ಭಗವಂತನಿಗೆ ಮೊದಲು ಕೈಮುಗಿಯೋಣ, ಮಕ್ಕಳೇ.

ಭೂಮಿ ಆಗಷ್ಟೇ ಹುಟ್ಟಿತ್ತು. ಹುಲ್ಲು ಇನ್ನೂ ಎಳೆಯದು. ಯಾವ ಪ್ರಾಣಿಗೂ ಹೆಸರಿರಲಿಲ್ಲ. "ಏಯ್", "ಓಯ್" ಅಂತಲೇ ಕರೆದುಕೊಳ್ಳುತ್ತಿದ್ದವು.

ಒಂದು ಬೆಳಿಗ್ಗೆ ಬ್ರಹ್ಮದೇವ ಪ್ರಾಣಿಗಳಿಗೆಲ್ಲ ನಾಮಕರಣ ಮಾಡಲು ಕುಳಿತ. ತುಸು ದೂರದಲ್ಲಿ ತಾಯಿ ಶಾರದೆ ಹಕ್ಕಿಗಳಿಗೆ ಹೆಸರಿಡುತ್ತಿದ್ದಳು. ತೊಟ್ಟಿಲಲ್ಲಿ ನಿಮಗೆ ಮಾಡಿದ ಹಾಗೆಯೇ, ಕಿವಿಯಲ್ಲಿ ಮೂರು ಸಲ ಹೆಸರು ಉಸುರುವುದು. ಮೂರೇ ಸಲ. ನಾಲ್ಕನೆಯದಿಲ್ಲ.

ಸಾಲಿನಲ್ಲಿ ಗಿಡ್ಡ ಕಿವಿಯ ಒಂದು ಪುಟ್ಟ ಪ್ರಾಣಿ ನಿಂತಿತ್ತು. ಎಲ್ಲರಿಗಿಂತ ಚೆಂದದ ಹೆಸರು ತನಗೇ ಸಿಗಬೇಕೆಂದು ಅದಕ್ಕೆ ಆಸೆ. ಯಾರಿಗೆ ಏನು ಸಿಕ್ಕಿತೆಂದು ಕಿವಿ ಚಾಚಿ ಚಾಚಿ ಕೇಳಿತು. ಮುಂದಿದ್ದವನಿಗೆ "ಮುಳ್ಳುಹಂದಿ" ಎಂಬ ಹೆಸರು ಬಂತು.

"ಈ ಮುಳ್ಳುಮೈಯವನಿಗೆ ಇಷ್ಟುದ್ದದ ಹೆಸರೇ!" ಎಂದು ಅದರ ಹೊಟ್ಟೆ ಉರಿಯಿತು. ಕಿವಿ ಒಂದಿಷ್ಟು ಉದ್ದವಾಯಿತು.

ಅದರ ಸರದಿಯೂ ಬಂತು. ದೇವರು ಬಾಗಿದ. ಅಷ್ಟರಲ್ಲಿ ಶಾರದೆ ಯಾವುದೋ ಹಕ್ಕಿಗೆ "ಮರಕುಟಿಗ" ಎಂದಳು. "ಅಯ್ಯೋ, ಅದೂ ಚೆಂದವೇ!" ಎಂದು ಇದು ಎರಡೂ ಕಿವಿಗಳನ್ನು ಅತ್ತಲೇ ಚಾಚಿತು. ಕಿವಿ ಇನ್ನೂ ಉದ್ದವಾಯಿತು. ದೇವರು ಮೂರು ಸಲ ಉಸುರಿ ಮುಂದೆ ಹೋದ.

"ಏನಪ್ಪಾ ನಿನ್ನ ಹೆಸರು?" ಮಂಗ ಹಲ್ಲು ಕಿರಿಯಿತು. "ಕಿವಿ ಮಾತ್ರ ಕೊಟ್ಟು ಕಳಿಸಿದನಾ ದೇವರು?"

ಪುಟ್ಟ ಪ್ರಾಣಿಗೆ ಆಗ ಹೊಳೆಯಿತು, ತನ್ನ ಹೆಸರೇ ತನಗೆ ಗೊತ್ತಿಲ್ಲ! ದೇವರು ಉಸುರಿದಾಗ ಪಕ್ಕದಲ್ಲಿದ್ದವನು ಮುಳ್ಳುಹಂದಿ ಒಬ್ಬನೇ. ನಾಚಿಕೆ ನುಂಗಿಕೊಂಡು ಅವನ ಹತ್ತಿರ ಹೋಯಿತು.

"ಮುಳ್ಳಣ್ಣಾ, ನಿನ್ನ ಮೇಲೆ ಹೊಟ್ಟೆಕಿಚ್ಚುಪಟ್ಟೆ, ತಪ್ಪಾಯ್ತು. ನನ್ನ ಹೆಸರು ನಿನಗೇನಾದರೂ ಕೇಳಿಸಿತಾ?"

ಮುಳ್ಳುಹಂದಿ ಮುಳ್ಳು ಮಡಿಸಿಕೊಂಡು ಹತ್ತಿರ ಬಂತು. "ಮೊಲ" ಎಂದಿತು.

"ಇಷ್ಟೇನಾ? ಎರಡೇ ಅಕ್ಷರ?"

"ಹುಚ್ಚಪ್ಪಾ, ಆ ಸ್ವಾಮಿ ಅದನ್ನು ಎಷ್ಟು ಮೆತ್ತಗೆ ಅಂದ ಗೊತ್ತಾ? ಮಲಗಿದ ಮಗುವನ್ನು ತಾಯಿ ಮುಟ್ಟಿದ ಹಾಗೆ. ನನ್ನ ಹೆಸರನ್ನು ಹಾಗೆ ಹೇಳಲೇ ಇಲ್ಲ. ಆಗಿನಿಂದ ನನಗೇ ನಿನ್ನ ಮೇಲೆ ಹೊಟ್ಟೆಕಿಚ್ಚು!"

ಮೊಲಕ್ಕೆ ಹೆಸರೇನೋ ಸಿಕ್ಕಿತು. ಆ ದನಿ ಮಾತ್ರ ಸಿಗಲಿಲ್ಲ.

ಅದಕ್ಕೇ ಕಣ್ರೋ, ಇವತ್ತಿಗೂ ಹುಲ್ಲು ಚೂರು ಸರಕ್ಕೆಂದರೆ ಸಾಕು, ಮೊಲ ಮೇಯುವುದನ್ನು ಬಿಟ್ಟು ಉದ್ದ ಕಿವಿ ನಿಮಿರಿಸಿ ಕೂರುತ್ತದೆ, ಸ್ವಾಮಿ ಇನ್ನೊಂದು ಸಲ ಕರೆದಾನೇನೋ ಎಂದು.

ಕೇಳಿದ ನಿಮಗೆಲ್ಲ ಅವನು ಒಳ್ಳೆಯದು ಮಾಡಲಿ. ನಿಮ್ಮ ನಿಮ್ಮ ಹೆಸರು ತಣ್ಣಗಿರಲಿ.