ಎಕೋ ಯಂತ್ರ ಮಾತಿಗೆ ತಪ್ಪಿದ್ದು

ಸೋಮವಾರ, ಮಧ್ಯಾಹ್ನ ಎರಡು ಗಂಟೆ.

ಮಿದುಳು ಸತ್ತ ದಾನಿಯ ಹೃದಯವನ್ನು ಬೆಳಿಗ್ಗೆ ನೋಡಿ, "ಬಲ ಸಾಲದು, ಕಸಿಗೆ ಬೇಡ" ಎಂದಿದ್ದ ಎಕೋ ಯಂತ್ರವು ಅದನ್ನು ಮತ್ತೊಮ್ಮೆ ನೋಡಬೇಕೆಂದು ಹಟ ಹಿಡಿಯಿತು.

ಹೃದಯವನ್ನು ಒಯ್ಯಲು ಬಂದು ಬರಿದೇ ಕುಳಿತಿದ್ದ ಐಸ್ ಪೆಟ್ಟಿಗೆ ನಕ್ಕಿತು. "ಏನಯ್ಯಾ, ಆಡಿದ ಮಾತಿಗೇ ತಪ್ಪುವೆಯಾ?"

"ತಪ್ಪಿದರೆ ನನ್ನ ಮಾನ ಹೋದೀತು. ತಪ್ಪದಿದ್ದರೆ ಆಚೆ ಊರಿನ ಆಸ್ಪತ್ರೆಯಲ್ಲಿ ಹೃದಯಕ್ಕಾಗಿ ಕಾದಿರುವ ಲೂಸಿಯಮ್ಮನ ಪ್ರಾಣವೇ ಹೋಗುತ್ತದೆ. ಬೆಳಿಗ್ಗೆ ಈ ಹೃದಯ ಮಿದುಳು ಸತ್ತ ಆಘಾತದಲ್ಲಿತ್ತು. ಆಮೇಲೆ ಆರು ಗಂಟೆಗಳ ಕಾಲ ಔಷಧಿ ನಡೆದಿದೆ."

ಯಂತ್ರವು ದಾನಿಯ ಎದೆಯೊಳಗೆ ದೃಷ್ಟಿಯಿಟ್ಟಿತು. ಪರದೆಯ ಮೇಲೆ ಹೃದಯದ ಗೋಡೆಗಳು ಬಲವಾಗಿ ಬಿಗಿದು ಸಡಿಲಿದವು.

"ನಾನು ಹೇಳಿದ್ದು ಸುಳ್ಳಾಯಿತು!" ಎಂದು ಅದು ಹಿಗ್ಗಿ ಕೂಗಿತು. "ಪೆಟ್ಟಿಗೆಯಣ್ಣ, ಏಳು, ಸಿದ್ಧವಾಗು!"

ಹಾಜರಿದ್ದವರು: ಡಾಕ್ಟರ್ ಸರ್ವೋತ್ತಮ ಪೈ, ಸಿಸ್ಟರ್ ಬೆನೆಡಿಕ್ಟಾ, ದಾನಿಯ ಕೈ ಹಿಡಿದು ನಿಂತಿದ್ದ ಅವನ ತಾಯಿ ಕುಸುಮಾವತಿ.