ಮೂಗಿನ ಗಿಡ

“ಅಜ್ಜಾ, ನಾನು ಜಪ ಬಿಟ್ಟುಬಿಡಲೇ?” ಎಂದು ಶಿಷ್ಯ ಕೇಳಿದ. “ಎರಡು ವರ್ಷ ಕೂತೆ, ಏನೂ ಆಗಲಿಲ್ಲ. ಈಗ ಒಂದು ತಿಂಗಳಿಂದ ಕಣ್ಣು ಮುಚ್ಚಿದರೆ ಸಾಕು, ಸಿಟ್ಟು, ಹೊಟ್ಟೆಕಿಚ್ಚು, ಸಾಯುತ್ತಿದ್ದ ಅಪ್ಪನಿಗೆ ನಾನು ಆಡಿದ ಕೆಟ್ಟ ಮಾತು, ಇವೇ ಎದ್ದು ಬರುತ್ತವೆ. ನಾನು ಇದಕ್ಕೆ ತಕ್ಕವನಲ್ಲ ಅಂತ ಕಾಣುತ್ತದೆ.”

ಗುರುಗಳು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕೂತುಕೋ ಎಂದು ಹೇಳಿ ಕತೆ ಶುರುಮಾಡಿದರು.

ಒಂದೂರಲ್ಲಿ ಒಬ್ಬ ಹೂವಾಡಿಗನಿದ್ದ. ದೇವರಿಗೆ ದಿನಾ ಮಾಲೆ ಕಟ್ಟಿಕೊಡುವುದು ಅವನ ಕೆಲಸ. ಮೂಸಿದ ಹೂವು ದೇವರಿಗೆ ಸಲ್ಲದು ನೋಡು, ಅದಕ್ಕೆ ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹೂವು ಬಿಡಿಸುತ್ತಿದ್ದ, ಬಟ್ಟೆ ಕಟ್ಟಿಕೊಂಡೇ ಮಾಲೆ ಕಟ್ಟುತ್ತಿದ್ದ. ಪೂಜೆ ಮುಗಿದ ಮೇಲೆ ಪೂಜಾರಿ ಪ್ರಸಾದದ ಹೂವೊಂದನ್ನು ಅವನ ಕೈಗೆ ಹಾಕುತ್ತಿದ್ದರು. ಆಗ ಬಟ್ಟೆ ಬಿಚ್ಚಿ, ಹೂವನ್ನು ಕಣ್ಣಿಗೆ ಒತ್ತಿಕೊಂಡು, ಒಂದೇ ಒಂದು ಸಲ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದ. ಇಡೀ ದಿನದಲ್ಲಿ ಅವನದು ಅಂತ ಇದ್ದದ್ದು ಆ ಒಂದು ಉಸಿರು.

ಒಂದು ವರ್ಷ ಊರಿಗೆಲ್ಲ ನೆಗಡಿಜ್ವರ ಬಂತು. ಅವನಿಗೂ ಬಂತು. ಎಂಟು ದಿನಕ್ಕೆ ಜ್ವರ ಬಿಟ್ಟಿತು. ಒಂಬತ್ತನೆಯ ದಿನ ಪ್ರಸಾದದ ಹೂವನ್ನು ಮೂಗಿಗೆ ಹಿಡಿದ. ನೀರು ಮೂಸಿದ ಹಾಗಾಯಿತು. ನೆಗಡಿ ಇಳಿದರೆ ವಾಸನೆ ಬರುತ್ತದೆ ಅಂದುಕೊಂಡ. ನೆಗಡಿ ಇಳಿಯಿತು, ನಾಲ್ಕು ತಿಂಗಳೂ ಕಳೆಯಿತು. ವಾಸನೆ ಬರಲಿಲ್ಲ. ಪ್ರಸಾದಕ್ಕೆ ಕೈ ಚಾಚುವಾಗ ಅವನಿಗೆ ಅಳು ಬರುತ್ತಿತ್ತು.

ಹೆಂಡತಿ ಅವನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದಳು.

“ಇದಕ್ಕೆ ಕುಡಿಯುವ ಮದ್ದಿಲ್ಲ,” ಎಂದರು ವೈದ್ಯರು. “ಮಗುವಿಗೆ ಮಾತು ಕಲಿಸುವ ಹಾಗೆ ಮೂಗಿಗೆ ಕಲಿಸಬೇಕು. ಲವಂಗ, ನಿಂಬೆ ಸಿಪ್ಪೆ, ಏಲಕ್ಕಿ, ಗುಲಾಬಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಒಂದೊಂದನ್ನೇ ಮೂಸಿ, ಅದರ ವಾಸನೆ ಹೇಗಿತ್ತು ಅಂತ ನೆನೆಸಿಕೊಳ್ಳಬೇಕು. ಆರು ತಿಂಗಳಾಗಬಹುದು, ವರ್ಷವೂ ಆಗಬಹುದು. ಬಂದೇ ಬರುತ್ತದೆ ಅಂತ ಮಾತು ಕೊಡಲಾರೆ. ಬಂದರೂ ಮೊದಮೊದಲು ಕೆಟ್ಟ ನಾತ ಬರಬಹುದು. ಆಗ ಮಾತ್ರ ಬಿಡಬೇಡ. ಅದು ಮೂಗು ಎಚ್ಚರಾಗುವ ಗುರುತು.”

“ಗುಲಾಬಿ ಮೂಸುವುದೇ? ನಮ್ಮನೆ ಹೂವೆಲ್ಲ ದೇವರದು ಸ್ವಾಮಿ.”

“ದೇವರ ಗಿಡ ದೇವರಿಗಿರಲಿ. ನಿಮ್ಮ ಮೂಗಿಗೆ ನಾನು ಬೇರೆ ಗಿಡ ಹಾಕಿಕೊಡುತ್ತೇನೆ,” ಎಂದಳು ಹೆಂಡತಿ.

ಬಚ್ಚಲ ಹಿಂದೆ ಬಾಯೊಡೆದ ಮಡಕೆಯಲ್ಲಿ ಗುಲಾಬಿ ನೆಟ್ಟಳು. ಪಕ್ಕದ ಮನೆಯಾಕೆ ನಕ್ಕಳು. “ಏನೇ, ದೇವರಿಗೊಂದು ತೋಟ, ಗಂಡನ ಮೂಗಿಗೊಂದು ತೋಟವೇ?”

“ಹೂಂ ಕಣಕ್ಕಾ. ದೇವರಾದರೂ ಒಲಿದಾನು, ಇವರ ಮೂಗು ಒಲಿಯುತ್ತಿಲ್ಲ.”

ಗಿಡ ಹೂವು ಬಿಟ್ಟಿತು. ಹೂವಾಡಿಗ ಎರಡು ಹೊತ್ತೂ ಮೂಸಿದ. ಒಂದು ದಿನವೂ ತಪ್ಪಿಸಲಿಲ್ಲ. ಐದನೆಯ ತಿಂಗಳು, ಒಂದು ಬೆಳಿಗ್ಗೆ, ಗುಲಾಬಿಯಿಂದ ಸತ್ತ ಇಲಿಯ ನಾತ ಹೊಡೆಯಿತು. ಇನ್ನೊಂದು ಹೂವು ಕಿತ್ತು ಮೂಸಿದ. ಅದೇ ನಾತ.

“ಯಾವ ಗಿಡದ್ದಾದರೂ ಹೂವು ದೇವರದೇ. ಅದನ್ನು ಮೂಸಿದೆನಲ್ಲೇ, ಅದಕ್ಕೇ ಈ ಶಿಕ್ಷೆ,” ಎಂದ.

“ಶಿಕ್ಷೆ ಅಲ್ಲ ಕಣ್ರೀ! ಹೀಗೇ ಆಗುತ್ತದೆ ಅಂತ ವೈದ್ಯರು ಹೇಳಿರಲಿಲ್ಲವೇ? ಇನ್ನೊಂದಿಷ್ಟು ದಿನ ನೋಡಿ.”

“ಅವರಿಗೆ ಮೂಗು ಗೊತ್ತು. ದೇವರು ಗೊತ್ತೇನೇ?”

ಗಿಡವನ್ನು ಬೇರುಸಹಿತ ಕಿತ್ತು ತಿಪ್ಪೆಗೆ ಎಸೆದ. ಹೆಂಡತಿ ಬರಿ ಮಡಕೆಯ ಮುಂದೆ ನಿಂತೇ ಇದ್ದಳು. ಲವಂಗ, ಏಲಕ್ಕಿ ಮತ್ತೆ ಅಡುಗೆ ಡಬ್ಬಿ ಸೇರಿದವು. ಅವನು ಉಪವಾಸ ಮಾಡಿದ, ತಪ್ಪುಕಾಣಿಕೆ ಹಾಕಿದ. ಪ್ರಸಾದದ ಹೂವಿನಲ್ಲೂ ಬರುತ್ತಿದ್ದ ನಾತ ದಿನ ಕಳೆದ ಹಾಗೆ ಇಳಿಯಿತು, ಆಮೇಲೆ ಪೂರ್ತಿ ಹೋಯಿತು. ದೇವರು ಕ್ಷಮಿಸಿದ ಅಂತ ಅವನು ಬೀದಿಗೆಲ್ಲ ಸಕ್ಕರೆ ಹಂಚಿದ. ಹೆಂಡತಿಗೂ ಕೊಟ್ಟ. ಅವಳು ಅದನ್ನು ಸಕ್ಕರೆ ಡಬ್ಬಿಗೆ ಸುರಿದಳು.

ಆಮೇಲೆ ಅವನಿಗೆ ನಾತವೂ ಇಲ್ಲ, ಪರಿಮಳವೂ ಇಲ್ಲ. ಹದಿನೆಂಟು ವರ್ಷ ಮಾಲೆ ಕಟ್ಟಿದ. ದಿನಾ ಪ್ರಸಾದ ತೆಗೆದುಕೊಂಡ, ಕಣ್ಣಿಗೆ ಒತ್ತಿಕೊಂಡ, ಕಿವಿಗೆ ಸಿಕ್ಕಿಸಿಕೊಂಡು ಮನೆಗೆ ಬಂದ. ಕೊನೆಕೊನೆಗೆ ಮೂಗಿಗೆ ಬಟ್ಟೆ ಕಟ್ಟುವುದನ್ನೂ ಬಿಟ್ಟ. ಹಾಗೇ ಸತ್ತ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಕೇಳಿದ: “ಅಜ್ಜಾ, ಇನ್ನಷ್ಟು ದಿನ ಮೂಸಿದ್ದರೆ ಅವನಿಗೆ ಪರಿಮಳ ಬರುತ್ತಿತ್ತೇ?”

“ಅದನ್ನು ತಿಳಿಯುವುದಕ್ಕೆ ಇದ್ದದ್ದು ಆ ಒಂದು ಗಿಡ, ಮಗಾ,” ಎಂದರು ಗುರುಗಳು.