ಹೆಬ್ಬೆರಳು ಒಪ್ಪಿದ ಸೀಟು

ಮಾವಿನಹಣ್ಣಾಗಲಿ, ಸೈಕಲ್ ಸೀಟಾಗಲಿ, ಹೆಬ್ಬೆರಳಿನಿಂದ ಒತ್ತಿ ನೋಡದೆ ದಾನಮ್ಮ ಕೊಳ್ಳುವವಳಲ್ಲ. ಹಾಗೆ ಒತ್ತಿಯೇ ಒಂದು ಮೆತ್ತನೆಯ ದಪ್ಪ ಸೀಟು ತಂದಳು. ಸೈಕಲ್ಲಿನ ಜೊತೆ ಬಂದಿದ್ದ, ನಡುವೆ ಉದ್ದಕ್ಕೆ ಸೀಳಿಟ್ಟೇ ಮಾಡಿದ್ದ ಗಟ್ಟಿ ಸೀಟನ್ನು ಬಿಚ್ಚಿ ಚೀಲಕ್ಕೆ ಹಾಕಿದಳು.

"ನೋಡಿದೆಯಾ ಅಕ್ಕಾ? ನಾನು ಎಲ್ಲಾ ಕಡೆಯಿಂದ ಅಪ್ಪಿಕೊಳ್ಳುತ್ತೇನೆ" ಎಂದು ದಪ್ಪ ಸೀಟು ಚೀಲದಲ್ಲಿದ್ದ ಗಟ್ಟಿ ಸೀಟಿನ ಮುಂದೆ ಬೀಗಿತು.

ಅರವತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಆ ಅಪ್ಪುಗೆಗೆ ದಾನಮ್ಮನ ತೊಡೆಸಂದು ಉರಿದುಹೋಯಿತು. ಭಾನುವಾರ ಟ್ರಯಥ್ಲಾನ್ ಬೇರೆ. ಈಜಿ, ತೊಂಬತ್ತು ಕಿಲೋಮೀಟರ್ ತುಳಿದು, ಮತ್ತೆ ಓಡಬೇಕು. ಬೇರೆ ದಾರಿಯಿಲ್ಲದೆ ಅವಳು ಹಳೆಯ ಗಟ್ಟಿ ಸೀಟನ್ನೇ ಮತ್ತೆ ಹಾಕಿದಳು.

"ನಿನ್ನಂಥ ಕಲ್ಲಿನ ಮೇಲೆ ಅವಳು ಹೇಗೆ ಕೂತಾಳು?" ಎಂದಿತು ಚೀಲ ಸೇರಿದ ದಪ್ಪ ಸೀಟು.

"ಕೂತಾಗ ಭಾರ ಬೀಳುವುದು ಕುಂಡಿಯ ಎರಡು ಮೂಳೆಗಳ ಮೇಲೆ, ತಂಗಿ. ಅವುಗಳ ಕೆಳಗೆ ಗಟ್ಟಿಯಾಗಿ ನಿಲ್ಲುತ್ತೇನೆ. ನೋಯುವ ಕಡೆ ಜಾಗ ಬಿಡುತ್ತೇನೆ."

ಭಾನುವಾರ ದಾನಮ್ಮ ತೊಂಬತ್ತು ಕಿಲೋಮೀಟರ್ ಮುಗಿಸಿದಳು. ಸೈಕಲ್ಲನ್ನು ಜೊತೆಗೆ ತಂದಿಟ್ಟಿದ್ದ ಚೀಲದ ಪಕ್ಕ ನಿಲ್ಲಿಸಿ, ಸೀಟಿನ ಕಡೆ ತಿರುಗಿಯೂ ನೋಡದೆ ನಗುನಗುತ್ತಾ ಓಡಿದಳು.

ದಪ್ಪ ಸೀಟು ಚೀಲದೊಳಗಿಂದ ಬೆರಗಾಗಿ ನೋಡಿತು. "ಅವಳಿಗೆ ನಿನ್ನ ನೆನಪೇ ಬರಲಿಲ್ಲವಲ್ಲ, ಅಕ್ಕಾ! ಅಷ್ಟು ಚೆನ್ನಾಗಿ ಹೊತ್ತೆ. ಜಾಗ ಬಿಡೋದನ್ನ ನನಗೂ ಕಲಿಸಿಕೊಡ್ತೀಯಾ?"

ಗಟ್ಟಿ ಸೀಟು ಬಿಸಿಲಿಗೆ ಬೆವರು ಆರಿಸಿಕೊಳ್ಳುತ್ತಿತ್ತು.